ಹಲ್ಲಿನ ತೂಕ

ಸೀಸೆಯ ಬಿರಡೆ ತೆಗೆದ ಕೂಡಲೇ ಭದ್ರಮ್ಮನಿಗೆ ತನ್ನ ಮನೆಯ ವಾಸನೆ ಬಂತು.

ಸಿರುಗುಪ್ಪದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬಳ್ಳಾರಿಯ ಈ ಮಹಡಿ ಕೋಣೆಯ ಕುರ್ಚಿಯಲ್ಲಿ ಬಾಯಿ ತೆರೆದು ಕೂತವಳಿಗೆ ಮನೆಯ ವಾಸನೆ ಬರಬಾರದಿತ್ತು. ಆದರೂ ಬಂತು. ಅಪ್ಪ ಮೌನಪ್ಪ ಪತ್ತಾರ ಮನೆ ಮುಂದಿನ ತನ್ನ ಅಕ್ಕಸಾಲಿ ಅಂಗಡಿಯಲ್ಲಿ ಕಪ್ಪಾದ ಬೆಳ್ಳಿಯನ್ನು ಬಿಳುಪು ಮಾಡಲು ಆಸಿಡ್ಡಿನ ಸೀಸೆ ತೆಗೆದಾಗ ಗಂಟಲು ಕೆರೆಯುವ ಅದೇ ಘಾಟು. ಭದ್ರಮ್ಮ ಪಟ್ಟನೆ ಬಾಯಿ ಮುಚ್ಚಿದಳು.

"ಬಾಯಿ ತೆರೀರೆವ್ವಾ," ಎಂದ ಹಲ್ಲಿನ ಡಾಕ್ಟರು. ಅವನ ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿ ಇತ್ತು.

"ಇದೇನು ಔಷಧರಿ?"

"ಬಾಂಬೆದು."

"ಹೆಸರೇನ್ರಿ?"

"ಹೇಳಿದ್ರ ನಿಮಗ ತಿಳಿಯಂಗಿಲ್ಲ ಬಿಡ್ರಿ," ಎಂದು ಅವನು ನಕ್ಕ. ತುಟಿ ಬಿಚ್ಚದೆ ನಕ್ಕ. ಬಂದಾಗಿನಿಂದ ನಾಲ್ಕು ಸಲ ನಕ್ಕಿದ್ದ, ನಾಲ್ಕು ಸಲವೂ ಹಾಗೆಯೇ. ಊರವರ ಹಲ್ಲನ್ನೆಲ್ಲ ಮಲ್ಲಿಗೆ ಮೊಗ್ಗು ಮಾಡುವವನು ತನ್ನದನ್ನು ಯಾಕೆ ಅಡಗಿಸಿಕೊಂಡಿದ್ದಾನೆ? ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟೊಂದಿತ್ತು. ಹೆಸರಿದ್ದ ಜಾಗಕ್ಕೆ ಸರಿಯಾಗಿ ದೇವರ ಪಟವೊಂದನ್ನು ಸಿಕ್ಕಿಸಿದ್ದರು. ಭದ್ರಮ್ಮ ಎಲ್ಲವನ್ನೂ ನೋಡಿಕೊಂಡಳು.

ಹಾಗಂತ ಅವಳು ಒಲ್ಲದ ಮನಸ್ಸಿನಿಂದ ಬಂದವಳಲ್ಲ. ಹತ್ತು ವರ್ಷದವರೆಗೆ ಅಜ್ಜಿಯ ಊರಲ್ಲಿ ಬೆಳೆದು, ಅಲ್ಲಿಯ ಬಾವಿಯ ನೀರು ಕುಡಿದು, ಮುಂದಿನ ಹಲ್ಲುಗಳ ಮೇಲೆಲ್ಲ ಕಂದು ಪಟ್ಟೆ ಎದ್ದಿದ್ದವು. ಮಾತಾಡುವಾಗ ಸೆರಗು ಬಾಯಿಗೆ ಹೋಗುವುದು ಅವಳಿಗೆ ಉಸಿರಾಡಿದಷ್ಟೇ ರೂಢಿಯಾಗಿತ್ತು. ಬಂದ ಎರಡು ಸಂಬಂಧಗಳು ಆ ಸೆರಗಿನ ಹಿಂದೆ ಇಣುಕಿ ವಾಪಸು ಹೋಗಿದ್ದವು. ಈಗ ಇಪ್ಪತ್ತಾರು ನಡೆಯುತ್ತಿತ್ತು.

ಮೂರನೆಯದು ಬಳ್ಳಾರಿಯ ಹುಡುಗ, ಶಾಲೆಯೊಂದರಲ್ಲಿ ಗುಮಾಸ್ತ. ನೋಡಲು ಬಂದವನು ಅಪ್ಪನ ಚಿಮಟವನ್ನು ಕೈಗೆತ್ತಿಕೊಂಡು, "ಇಷ್ಟು ಸಣ್ಣದು ಯಾತಕ್ಕರಿ?" ಎಂದು ಅವಳನ್ನೇ ಕೇಳಿದ್ದ. ಅವಳು ಹೇಳಿದ್ದಳು. ಅವನು ಮುಗಿಯುವತನಕ ಕೇಳಿಸಿಕೊಂಡಿದ್ದ. ಅವತ್ತಿನಿಂದ ಅವನು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿದ್ದ, ಮುಚ್ಚಿಡುವುದೇನು. ಆದರೆ ಮಾತು ನಡೆಯುತ್ತಿದ್ದುದು ಅವನ ಅಕ್ಕ ಜಂಬಮ್ಮನದು. "ಹುಡುಗಿ ಚಂದ ಅದಾಳ, ಕೆಲಸ ಬರ್ತೈತಿ. ಹಲ್ಲೊಂದು ಬೆಳ್ಳಗ ಮಾಡಿಸಿಬಿಡ್ರಿ. ಬರೋ ಬೇಸ್ತವಾರ ಬಂದು ಮಾತು ಮುಗಸ್ತೀವಿ," ಎಂದು ಈ ಡಾಕ್ಟರನ ವಿಳಾಸವನ್ನೂ ಅವಳೇ ಬರೆಸಿಕೊಟ್ಟಿದ್ದಳು.

ಭದ್ರಮ್ಮ ಬಾಗಿಲ ಬಳಿ ಕೂತಿದ್ದ ಅಪ್ಪನ ಕಡೆ ತಿರುಗಿದಳು. ಮೌನಪ್ಪ ಕ್ಯಾಲೆಂಡರನ್ನು ಓದುತ್ತಿದ್ದ. ಅದು ಹೋದ ವರ್ಷದ ಕ್ಯಾಲೆಂಡರು.

"ಅಪ್ಪಾ, ವಾಸನಿ ಬರಾಕತ್ತೈತೇನು?"

"ನೆಗಡಿ ಆಗೈತವ್ವಾ ನನಗ."

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವ ಎಣ್ಣೆ ಹಳೆಯದೆಂದು ಮೂಗು ಮುರಿದಿದ್ದವನಿಗೆ ಈಗ ನೆಗಡಿ! ಡಾಕ್ಟರನ ಮೇಲಿದ್ದ ಅನುಮಾನ ಮೆಲ್ಲಗೆ ಎದ್ದು ಬಾಗಿಲ ಬಳಿಗೆ ಹೋಗಿ ಅಪ್ಪನ ಪಕ್ಕದಲ್ಲಿ ಕೂತಿತು.

ಭದ್ರಮ್ಮ ಡಾಕ್ಟರನ ಕೈಯಿಂದ ಕಡ್ಡಿ ಕಸಿದು, ಸೀಸೆಯಲ್ಲಿ ಅದ್ದಿ, ನೆಲಕ್ಕೆ ಹಾಸಿದ್ದ ಕಡಪಾ ಕಲ್ಲಿಗೆ ಮುಟ್ಟಿಸಿದಳು. ಚುರ್ ಎಂದು ಬಿಳಿ ನೊರೆ ಎದ್ದಿತು. ಅಪ್ಪನ ಅಂಗಡಿಯ ಕಡಪಾ ಕಲ್ಲಿನ ಮೇಲೆ ಅಂಥ ಹನಿ ಬಿದ್ದಲ್ಲೆಲ್ಲ ಸಿಡುಬಿನ ಕಲೆಯಂಥ ಗುಳಿಗಳಿದ್ದವು. ಅಜ್ಜಿಯ ಊರಿಂದ ಬಂದ ಮೇಲೆ ಅವುಗಳ ನಡುವೆಯೇ ಅವಳು ಕುಂಟಾಬಿಲ್ಲೆ ಆಡಿದ್ದಳು.

"ಕಲ್ಲು ಬ್ಯಾರೆ, ಹಲ್ಲು ಬ್ಯಾರೆ ಬಿಡ್ರೆವ್ವಾ!" ಎಂದು ಡಾಕ್ಟರು ಸಿಡುಕಿದ. ಸಿಟ್ಟಿನಲ್ಲಿ ಬಾಯಿ ತೆರೆಯಿತು. ಎಲೆ ಅಡಿಕೆ ತಿಂದು ಕರ್ರಗಾದ ಹಲ್ಲು.

ಮೌನಪ್ಪ ಎದ್ದು ಬಂದ. "ನೀರು ಬೆರೆಸಿರ್ತಾರವ್ವಾ. ಒಂದು ಸಲ ಅಷ್ಟ. ಕಣ್ಣು ಮುಚ್ಚಿ ಕುಂತುಬಿಡು, ಮುಗದು ಹೋಗ್ತೈತಿ."

"ಹಂಗಾದ್ರ ನಿನಗ ಗೊತ್ತಿತ್ತು."

ಇಡೀ ಸಿರುಗುಪ್ಪದಲ್ಲಿ ಮೌನಪ್ಪನ ಹೆಸರು ನಿಂತಿದ್ದೇ ಒಂದು ಪದ್ಧತಿಯ ಮೇಲೆ. ಬಿಳುಪಿಗೆ ಬಂದ ಬೆಳ್ಳಿಯನ್ನು ತಂದವರ ಕಣ್ಣೆದುರೇ ತೂಗಿ, ತೂಕವನ್ನು ಗಟ್ಟಿಯಾಗಿ ಹೇಳುವುದು. ಕೊಡುವಾಗ ಮತ್ತೆ ತೂಗಿ ಹೇಳುವುದು. ಪದೇ ಪದೇ ಬಿಳುಪು ಕೇಳುವವರಿಗೆ, ಬ್ಯಾಡ್ರಿ, ಆಸಿಡ್ಡಿಗೆ ಬೆಳ್ಳಿ ಸವೀತೈತಿ ಎಂದು ಬುದ್ಧಿ ಹೇಳಿ ಕಳಿಸುವವನು.

"ಮಂದಿ ಕಾಲ್ಚೈನು ತೂಗಿ ತಗೊಂತಿ, ತೂಗಿ ಕೊಡ್ತಿ," ಎಂದಳು ಭದ್ರಮ್ಮ. "ನನ್ನ ಹಲ್ಲು ತೂಗಿದ್ಯಾ ಅಪ್ಪಾ?"

ಮೌನಪ್ಪ ಮೇಜಿನ ಮೇಲಿದ್ದ ಬಿರಡೆಯನ್ನು ತಾನೇ ಎತ್ತಿ ಸೀಸೆಗೆ ಹಾಕಿ, ಅಂಗಡಿಯಲ್ಲಿ ಮಾಡುವ ಹಾಗೆ ಅಂಗೈಯಿಂದ ಗುದ್ದಿ ಗಟ್ಟಿ ಮಾಡಿದ.

"ನಡಿಯವ್ವಾ," ಎಂದ.

ವಾಪಸು ಬರುವಾಗ ತೆಕ್ಕಲಕೋಟೆಯಲ್ಲಿ ಅವನು ಬಸ್ಸಿನಿಂದ ಇಳಿದು ಹುರಿದ ಶೇಂಗಾ ತಂದು, ಪೊಟ್ಟಣವನ್ನು ಪೂರಾ ಅವಳ ಮಡಿಲಿಗೆ ಸುರಿದ. ಭದ್ರಮ್ಮ ಸಿಪ್ಪೆಯನ್ನು ಹಲ್ಲಿನಿಂದಲೇ ಕಟಕಟ ಒಡೆದು ಅರ್ಧವನ್ನು ಅವನ ಕೈಗೆ ಹಾಕಿದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಬೇಸ್ತವಾರ ಜಂಬಮ್ಮ ಒಬ್ಬಳೇ ಬಂದಳು. ಮುಖ ನೋಡುವ ಮೊದಲು ಬಾಯಿ ನೋಡಿದಳು.

"ಮಾಡಿಸಲಿಲ್ಲೇನ್ರಿ?"

"ಇಲ್ರಿ," ಎಂದ ಮೌನಪ್ಪ.

"ಯಾಕ್ರಿ?"

"ತೂಕ ಕಮ್ಮಿ ಆಗತೈತ್ರಿ."

ಜಂಬಮ್ಮನಿಗೆ ಅದು ತಿಳಿಯಲಿಲ್ಲ. ಚಹಾ ಕುಡಿದು, ಲೋಟ ಕೆಳಗಿಟ್ಟು, "ನನ್ನ ತಮ್ಮನ್ನ ಕೇಳಿ ಹೇಳಿ ಕಳಸ್ತೀವಿ," ಎಂದಳು. ಭದ್ರಮ್ಮ ಆ ಮಾತನ್ನು ಇದಕ್ಕೆ ಮೊದಲು ಎರಡು ಸಲ ಕೇಳಿದ್ದಳು. ಚಿಮಟ ಹಿಡಿದು ಕೇಳಿಸಿಕೊಂಡ ಆ ಹುಡುಗನ ಮುಖ ಕಣ್ಣಿಗೆ ಬಂತು. ಸೆರಗು ಬಾಯಿಗೆ ಹೋಯಿತು.

ಎದ್ದು ನಿಂತ ಜಂಬಮ್ಮ ಮತ್ತೆ ಕೂತಳು. ಬಂದದ್ದು ಪೂರಾ ದಂಡವಾಗಬಾರದಲ್ಲ. ಚೀಲದಿಂದ ಕಪ್ಪಾದ ಕಾಲ್ಚೈನು ತೆಗೆದು, "ಇದನ್ನಾರ ಬೆಳ್ಳಗ ಮಾಡಿಕೊಡ್ರಿ," ಎಂದಳು. ಮೌನಪ್ಪ ಅದನ್ನು ತಕ್ಕಡಿಗೆ ಹಾಕಿ, ತೂಕವನ್ನು ಗಟ್ಟಿಯಾಗಿ ಹೇಳಿ, ಮಗಳ ಕೈಗೆ ಕೊಟ್ಟ. ಭದ್ರಮ್ಮ ಆಸಿಡ್ಡಿನ ಸೀಸೆಯನ್ನು ಪಕ್ಕಕ್ಕೆ ಸರಿಸಿ ಅಂಟವಾಳ ಕಾಯಿ ನೆನೆಸಿದ ಬೋಗುಣಿಯನ್ನು ಮುಂದಕ್ಕೆಳೆದುಕೊಂಡಳು. ಉಜ್ಜುತ್ತ ಉಜ್ಜುತ್ತ ಮೊಣಕೈವರೆಗೆ ನೊರೆಯಾಯಿತು.

ಜಂಬಮ್ಮ ಬಗ್ಗಿ ನೋಡಿದಳು. "ಇನ್ನಾ ಬೆಳ್ಳಗ ಆಗಂಗಿಲ್ಲೇನವಾ?"

"ಆಗತೈತ್ರಿ," ಎಂದು ಭದ್ರಮ್ಮ ತಲೆ ಎತ್ತಿ ನಕ್ಕಳು. ಸೆರಗು ಬಾಯಿಂದ ಜಾರಿತ್ತು. ಎರಡೂ ಕೈ ನೀರಿನಲ್ಲಿದ್ದವು.