ಬಿನ್ನವತ್ತಳೆಯ ಮೂರನೆಯ ಸಾಲು

ಹಲಸೂರಿನ ಆ ಪ್ರೌಢಶಾಲೆಯಲ್ಲಿ ಒಂದು ಪದ್ಧತಿಯುಂಟು. ಬಾಳಿನಲ್ಲಿ ಮೇಲೆ ಬಂದು ನಾಲ್ಕು ಜನರಿಗೆ ನೆರಳಾದ ಹಳೆಯ ವಿದ್ಯಾರ್ಥಿಯೊಬ್ಬರನ್ನು ಪ್ರತಿವರ್ಷ ಜನವರಿಯಲ್ಲಿ ಕರೆದು ಸನ್ಮಾನಿಸುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲೆಡೆಯೂ ಇರುವಂಥವೇ. ಆದರೆ ಬಿನ್ನವತ್ತಳೆಯನ್ನು ಮಾತ್ರ ಆ ವಿದ್ಯಾರ್ಥಿಗೆ ಪಾಠ ಹೇಳಿದ ಗುರುವೇ ಬರೆದು, ಸಭೆಯಲ್ಲಿ ತಾನೇ ಓದಿ, ತನ್ನ ಕೈಯಿಂದಲೇ ಒಪ್ಪಿಸಬೇಕು. ಅದರ ಮೂರನೆಯ ಸಾಲು ಎಂದೂ ಬದಲಾಗುವುದಿಲ್ಲ: ‘ಈ ವಿದ್ಯಾಮಂದಿರದಲ್ಲಿಯೇ ಓದಿ, ಇಲ್ಲಿಂದಲೇ ಹತ್ತನೆಯ ತರಗತಿಯಲ್ಲಿ ತೇರ್ಗಡೆ ಹೊಂದಿ...’

ಈ ವರ್ಷದ ಸನ್ಮಾನ ಜಹನಾರಾಳಿಗೆ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಬೆಳೆದವಳು. ಈಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಮುನ್ನೂರು ಜನ ದಾದಿಯರ ಮುಖ್ಯಸ್ಥೆ. ಭಾನುವಾರವಾದರೆ ಹಾಸಿಗೆ ಹಿಡಿದವರ ಮನೆಗಳನ್ನು ಹುಡುಕಿಕೊಂಡು ಹೋಗಿ, ಬೆನ್ನಹುಣ್ಣು ತೊಳೆದು, ಪಟ್ಟಿ ಕಟ್ಟಿ, ಕಟ್ಟುವುದನ್ನು ಮನೆಯವರಿಗೂ ಕಲಿಸಿ ಬರುತ್ತಾಳೆ. ಬಿನ್ನವತ್ತಳೆಯ ಭಾರ ಅವಳ ಕನ್ನಡ ಮೇಷ್ಟ್ರಾದ ಶಿವಶಂಕರಪ್ಪನವರ ಮೇಲೆ ಬಿದ್ದಿತ್ತು. ಅವರಿಗೆ ಎಪ್ಪತ್ತೊಂಬತ್ತು. ಬಾಗಲಕೋಟೆಯ ಕಡೆಯಿಂದ ಬಂದು ಕಾಕ್ಸ್‌ಟೌನಿನಲ್ಲಿ ನೆಲೆಸಿ ಅರ್ಧ ಶತಮಾನ ಕಳೆದಿತ್ತು.

ಹಳಗನ್ನಡದ ಕಾವ್ಯಗಳನ್ನು ಉಸಿರಿನಂತೆ ಆಡಿಸಬಲ್ಲ ಅವರಿಗೆ ಮೊದಲ ಎರಡು ಸಾಲುಗಳು ತಾವಾಗಿಯೇ ಒಲಿದು ಬಂದವು. ‘ಕರುಣೆಯೇ ಕಣ್ಣಾದವಳೇ, ನೊಂದವರ ಬೆನ್ನಿಗೆ ನಿಂತ ತಾಯೇ’ ಎಂದು ಬರೆದು ಲೇಖನಿಯನ್ನು ಮೂರನೆಯ ಸಾಲಿಗೆ ಇಳಿಸಿದರು. ಅದು ಅಲ್ಲಿಯೇ ನಿಂತಿತು. ಮಸಿ ಕಾಗದದ ಮೇಲೆ ಹರಡಿ, ಒಂದು ಪುಟ್ಟ ಕಪ್ಪು ಕೊಳವಾಯಿತು.

ಜಹನಾರಾ ಆ ಶಾಲೆಯಿಂದ ತೇರ್ಗಡೆಯಾಗಿರಲಿಲ್ಲ.

ಮೂವತ್ತೊಂದು ವರ್ಷಗಳ ಹಿಂದಿನ ಮಾತು. ಪರೀಕ್ಷೆಗೆ ಮೂರು ತಿಂಗಳಿರುವಾಗ ಹೆಡ್‌ಮಾಸ್ಟರು ಮೇಷ್ಟ್ರನ್ನು ಕೋಣೆಗೆ ಕರೆದು, “ಈ ಸಲ ನೂರಕ್ಕೆ ನೂರು ಆಗ್ಲೇಬೇಕು ಶಿವಶಂಕರಪ್ಪ. ಯಾರಾದ್ರೂ ಅನುಮಾನ ಇದ್ರೆ ಈಗ್ಲೇ ಹೇಳ್ಬಿಡಿ” ಎಂದಿದ್ದರು. ಅನುಮಾನವಿದ್ದದ್ದು ಒಬ್ಬಳ ಬಗ್ಗೆ; ಅದೂ ಕನ್ನಡವೊಂದರಲ್ಲಿ. ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದುದರಿಂದ ವಾರಕ್ಕೆ ಎರಡು ದಿನ ತಪ್ಪಿಸುತ್ತಿದ್ದ ಹುಡುಗಿ. ಶಿವಶಂಕರಪ್ಪನವರು ಹೆಸರು ಹೇಳಿದರು. ಮರುದಿನ ಅವಳ ತಂದೆಯ ಕೈಗೆ ವರ್ಗಾವಣೆ ಪತ್ರ ಬಂತು. ಅವಳು ಮರುವರ್ಷ ಖಾಸಗಿಯಾಗಿ ಕಟ್ಟಿ, ಬೇರೊಂದು ಕೇಂದ್ರದಲ್ಲಿ ಪರೀಕ್ಷೆ ಬರೆದು ಗೆದ್ದಳು. ಆ ವರ್ಷ ಶಾಲೆಗೆ ನೂರಕ್ಕೆ ನೂರು ಫಲಿತಾಂಶ, ಮೇಷ್ಟ್ರಿಗೆ ಇಲಾಖೆಯ ಪ್ರಶಸ್ತಿಪತ್ರ.

ತನ್ನನ್ನು ಹೊರಗೆ ಹಾಕಿದ್ದು ಹೆಡ್‌ಮಾಸ್ಟರು ಎಂದೇ ಜಹನಾರಾ ನಂಬಿದ್ದಳು. ಹೆಡ್‌ಮಾಸ್ಟರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಪ್ರತಿ ರಂಜಾನಿಗೆ ಅವಳು ಶೀರ್ ಖುರ್ಮಾದ ಡಬ್ಬಿ ಹಿಡಿದು ಬರುತ್ತಿದ್ದಳು, ಬಂದವಳು ಮೇಷ್ಟ್ರ ರಕ್ತದೊತ್ತಡ ನೋಡದೆ ಹೋಗುತ್ತಿರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಅವಳ ಆ ಒಂದು ಗಂಟೆಯನ್ನು ಶಿವಶಂಕರಪ್ಪನವರು ವರ್ಷವಿಡೀ ಕಾಯುತ್ತಿದ್ದರು. ಸಾಲನ್ನು ಬರೆದರೆ ಸುಳ್ಳು. ಬರೆಯದೆ ಕಾರಣ ಹೇಳಿದರೆ ಆ ಗಂಟೆ ಮತ್ತೆ ಬರುತ್ತದೆಂಬ ಭರವಸೆಯಿಲ್ಲ.

ಮಧ್ಯಾಹ್ನ ಸನ್ಮಾನ ಸಮಿತಿಯ ಮುನೀಂದ್ರ ಬಂದ. ಅವನೂ ಅವರ ಶಿಷ್ಯನೇ, ಕೆ.ಆರ್. ಪುರದ ಹಳೆಯ ಒಕ್ಕಲು ಮನೆತನದವನು. ಒಮ್ಮೆ ಅಜ್ಜ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಅವನ ಕಲ್ಯಾಣಮಂಟಪವಿತ್ತು.

“ಏನ್ ಸರ್, ಇನ್ನೂ ಎರಡೇ ಲೈನಾ? ಫ್ರೇಮ್ ಅಂಗಡಿಯೋನು ಪ್ರಾಣ ತಿಂತಾವ್ನೆ.”

“ಮೂರನೇ ಸಾಲು ಆಕೀಗೆ ಹೊಂದೂದಿಲ್ಲೋ ಮುನೀಂದ್ರ.”

“ಗೊತ್ತು ಸರ್. ರಿಜಿಸ್ಟರ್ ನಾನೂ ನೋಡ್ದೆ. ಹಾಕ್ಬಿಡಿ, ಯಾರ್ ತೆಗೆದು ನೋಡ್ತಾರೆ? ಮೇಡಂಗೂ ಖುಷಿ, ನಮಗೂ ಖುಷಿ.”

ಒಳಗಿನಿಂದ ಹೆಂಡತಿ ಸಂಗಮ್ಮನವರ ದನಿ ತೇಲಿಬಂತು. “ನಲವತ್ತು ವರ್ಷ ಮಂದೀ ಮಕ್ಕಳ ತಪ್ಪಿಗೆ ಕೆಂಪು ಗೆರೀ ಎಳದ್ರು. ಈಗ ಒಂದು ಸಾಲು ಬರ್ಯಾಕ ಕೈ ನಡಗತೈತಿ.”

“ನೋಡಿ, ಅಮ್ಮನೂ ಬರೀರಿ ಅಂತಾವ್ರೆ” ಎಂದು ಮುನೀಂದ್ರ ನಕ್ಕು, ಕಾಫಿ ಮುಗಿಸಿ ಹೊರಟ.

ಶಿವಶಂಕರಪ್ಪನವರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ನೆಟ್ಟರು. ನೋಡುತ್ತ ನೋಡುತ್ತ ಕೈಯ ಗೆರೆಗಳು ಕರಗಿದವು, ಕೋಣೆಯ ಗೋಡೆಗಳು ಕರಗಿದವು. ಪೂಜೆ ಮುಗಿದ ಮೇಲೂ ಆ ಮಂಪರು ಬಿಡಲಿಲ್ಲ. ಆರಾಮಕುರ್ಚಿಯಲ್ಲಿ ಒರಗಿದವರಿಗೆ ತಾವು ಹತ್ತನೆಯ ತರಗತಿಯಲ್ಲಿ ನಿಂತಂತೆ ತೋರಿತು. ನೆಲವೆಲ್ಲ ಹಲಸೂರು ಕೆರೆಯ ನೀರು. ಬೆಂಚುಗಳು ದೋಣಿಗಳಾಗಿ ಮೆಲ್ಲನೆ ಅಲುಗುತ್ತಿದ್ದವು. ಅವರು ಹಾಜರಿ ಕೂಗಿದ ಒಂದೊಂದು ಹೆಸರೂ ಬಿಳಿಯ ಕೊಕ್ಕರೆಯಾಗಿ ಎದ್ದು ಕಿಟಕಿಯಿಂದ ಹಾರುತ್ತಿತ್ತು. ಬಾಗಿಲಲ್ಲಿ ತೋಳು ಒದ್ದೆಯಾದ ಹುಡುಗಿಯೊಬ್ಬಳು ನಿಂತು, “ಒಳಗ್ ಬರ್ಲಾ ಸರ್?” ಎಂದಳು. ಬಾ ಎನ್ನಲು ಬಾಯಿ ತೆರೆದರು. ನೂರಾರು ಕಾವ್ಯಗಳು ತುಂಬಿದ್ದ ಆ ಕಂಠದಲ್ಲಿ ಆ ಒಂದು ಅಕ್ಷರ ಮಾತ್ರ ಇರಲಿಲ್ಲ. ಹುಡುಗಿ ಬೇಸರಿಸದೆ ಹಾಗೆಯೇ ನಿಂತಿದ್ದಳು. ನೀರು ಅವಳ ಕಣಕಾಲಿಗೆ ಏರುತ್ತಿತ್ತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಅವರು ಕಾಗದ ಎಳೆದುಕೊಂಡು, ಮೂರನೆಯ ಸಾಲಿನ ಜಾಗವನ್ನು ಹಾಗೆಯೇ ಖಾಲಿ ಬಿಟ್ಟು, ಉಳಿದುದನ್ನು ಬರೆದು ಮುಗಿಸಿದರು.

ಶನಿವಾರ ಸಂಜೆ ಶಾಲೆಯ ಅಂಗಳ ತುಂಬಿತ್ತು. ಗೋಡೆಯಾಚೆ ಎತ್ತರದಲ್ಲಿ ಮೆಟ್ರೋ ರೈಲು ಓಲೆಗರಿಯ ಕಟ್ಟು ಜಾರಿದಂತೆ ಸದ್ದಿಲ್ಲದೆ ಜಾರಿಹೋಯಿತು. ಮಳೆಮರದ ಎಲೆಗಳು ಮಡಚಿಕೊಳ್ಳುತ್ತಿದ್ದವು. ಈಗಿನ ಮುಖ್ಯೋಪಾಧ್ಯಾಯಿನಿ ಬೃಂದಾ ಶಾಲಿನ ತಟ್ಟೆ ಹಿಡಿದು ನಿಂತಿದ್ದರು. ತಿಳಿಹಸಿರು ಸೀರೆಯ ಜಹನಾರಾ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ, ಮೇಷ್ಟ್ರ ಕಿವಿಯಲ್ಲಿ, “ಮಾತ್ರೆ ತಗೊಂಡ್ರಾ ಸರ್? ಮುಖ ಬಾಡಿದೆಯಲ್ಲ” ಎಂದಳು.

ಅವರು ಎದ್ದು ಓದತೊಡಗಿದರು. ಮೊದಲ ಎರಡು ಸಾಲಿಗೆ ಸಭೆ ಚಪ್ಪಾಳೆ ತಟ್ಟಿತು. ಖಾಲಿ ಜಾಗ ಬಂತು. ಅದು ಕಾಗದದಲ್ಲಿ ಎರಡು ಬೆರಳಿನಷ್ಟಿತ್ತು. ಅವರ ಕಣ್ಣಿಗೆ ಇಡೀ ಕೆರೆಯಷ್ಟು ಅಗಲವಾಗಿ ಕಂಡಿತು. ಮುನೀಂದ್ರ ಕೆಳಗಿನಿಂದ ಕೈಸನ್ನೆ ಮಾಡುತ್ತಿದ್ದ.

“ಇಲ್ಲಿ ಒಂದು ಸಾಲು ಇರಬೇಕಾಗಿತ್ತು” ಎಂದರು ಶಿವಶಂಕರಪ್ಪನವರು. “ಈಕೆ ಈ ಶಾಲೆಯಿಂದ ತೇರ್ಗಡೆಯಾದವಳಲ್ಲ. ಪರೀಕ್ಷೆಗೆ ಮೊದಲೇ ಇವಳನ್ನು ಹೊರಗೆ ಕಳುಹಿಸಿದೆವು. ಕಳುಹಿಸಿದ್ದು ಹೆಡ್‌ಮಾಸ್ಟರು ಎಂದು ಇವಳು ತಿಳಿದಿದ್ದಾಳೆ. ಅವರು ಕೇಳಿದರು, ಹೆಸರು ಕೊಟ್ಟವನು ನಾನು. ನನ್ನ ವಿಷಯದಲ್ಲಿ ನೂರಕ್ಕೆ ನೂರು ಬರಲಿ ಎಂಬುದಷ್ಟೇ ಕಾರಣ.”

ಉಳಿದ ಸಾಲುಗಳನ್ನು ಅವರು ಓದಲಿಲ್ಲ. ಬಿನ್ನವತ್ತಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತರು.

ಜಹನಾರಾ ಅದನ್ನು ತೆಗೆದುಕೊಳ್ಳಲಿಲ್ಲ, ಬೇಡವೆನ್ನಲೂ ಇಲ್ಲ. ಅವಳ ದೃಷ್ಟಿ ಅವರ ಮುಖವನ್ನು ದಾಟಿ ಹಿಂದಿನ ತರಗತಿಯ ಬಾಗಿಲಿನಲ್ಲಿ ಎಲ್ಲೋ ನೆಟ್ಟಿತ್ತು. “ನಂಗೆ ಗೊತ್ತಿರ್ಲಿಲ್ಲ ಸರ್” ಎಂದಳು, ಪಕ್ಕದವರಿಗಷ್ಟೇ ಕೇಳುವಂತೆ. “ಅಬ್ಬಾ ಆ ಪೇಪರ್ ಹಿಡ್ಕೊಂಡು ಗೇಟ್ ಹತ್ರ ಕೂತ್ಬಿಟ್ಟಿದ್ರು. ಕನ್ನಡ ಸರ್‌ನ ಒಂದ್ ಮಾತು ಕೇಳೋಣ, ಅವ್ರು ಸ್ಕೂಲ್ ಬಿಡ್ಸಲ್ಲ ಅಂತ ನಾನೇ ಹೇಳ್ದೆ. ನೀವು ಅವತ್ತು ರಜ ಅಂದ್ರು.”

“ರಜೆ ಇರಲಿಲ್ಲವ್ವಾ. ಒಳಗ ಕುಂತಿದ್ದೆ.”

ಅವಳು ತಲೆಯಾಡಿಸಿದಳು, ಕೇಳಿದೆನೆಂಬುದನ್ನು ಬಿಟ್ಟು ಅದರಲ್ಲಿ ಬೇರೇನೂ ಇರಲಿಲ್ಲ. ಬಳಿಕ ಬೃಂದಾ ಅವರ ಕಡೆಗೆ ತಿರುಗಿದಳು.

“ಮೇಡಂ, ಈಗ್ಲೂ ಹೀಗ್ ಮಾಡ್ತೀರಾ?”

ತಟ್ಟೆಯಲ್ಲಿನ ಶಾಲಿನ ಅಂಚನ್ನು ಬೃಂದಾ ಸರಿಪಡಿಸಿದರು. ಸರಿಯಾಗಿಯೇ ಇದ್ದುದನ್ನು ಮತ್ತೊಮ್ಮೆ ಸರಿಪಡಿಸಿದರು. “ಈ ವರ್ಷ ನಾಲ್ಕು ಜನ” ಎಂದರು. “ಪ್ರೈವೇಟಾಗಿ ಕಟ್ಟಿ ಅಂತ ಪೇರೆಂಟ್ಸ್‌ಗೆ ಹೇಳಿದೀವಿ. ಟಿ.ಸಿ. ಪೇಪರ್ ಇನ್ನೂ ಕೊಟ್ಟಿಲ್ಲ.”

“ಯಾವ್ದ್ರಲ್ಲಿ ವೀಕು?”

“ಕನ್ನಡ. ಮೂರು ಜನ. ಇನ್ನೊಬ್ಳು ಗಣಿತ.”

“ಅವ್ರ ಪೇಪರ್ ಹರಿದ್ಬಿಡಿ. ಆಮೇಲೆ ಶಾಲು ಹಾಕಿ” ಎಂದಳು ಜಹನಾರಾ. ದನಿ ಏರಿರಲಿಲ್ಲ, ರೋಗಿಗೆ ಮಗ್ಗುಲು ಬದಲಿಸಲು ಹೇಳುವಾಗಿನ ದನಿಯೇ ಅದು. “ಅಲ್ಲೀವರ್ಗೂ ನಾನು ಕೂತಿರ್ತೀನಿ. ನಂಗೇನ್ ಅರ್ಜೆಂಟಿಲ್ಲ.”

ಅವಳು ಕುಳಿತಳು. ಸಭೆಯ ಐನೂರು ಜನ ನೋಡುತ್ತಿದ್ದರು. ಬೃಂದಾ ತಟ್ಟೆಯನ್ನು ಮೇಜಿನ ಮೇಲಿಟ್ಟು, ಸೆರಗು ಬಿಗಿದು, ಕಚೇರಿಯ ಕಡೆಗೆ ನಡೆದರು. ಬೀರು ತೆರೆದ ಸದ್ದು ವೇದಿಕೆಯವರೆಗೂ ಕೇಳಿಸಿತು. ಮುನೀಂದ್ರ ಹಣೆಯೊರೆಸಿಕೊಂಡು, ಹಾಡುವ ಮಕ್ಕಳನ್ನು ವೇದಿಕೆಗೆ ಹತ್ತಿಸಿದ.

ಶಿವಶಂಕರಪ್ಪನವರು ಇನ್ನೂ ನಿಂತೇ ಇದ್ದರು, ಕೈಯಲ್ಲಿ ಕಾಗದ. ಮಕ್ಕಳ ಹಾಡು ಅವರಿಗೆ ಬಹುದೂರದ ದಡದಿಂದ ಬಂದಂತೆ ಕೇಳಿಸುತ್ತಿತ್ತು. ಜಹನಾರಾ ಅವರತ್ತ ನೋಡದೆಯೇ ಪಕ್ಕದ ಕುರ್ಚಿಯನ್ನು ಕಾಲಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿದಳು. ಅವರು ಕುಳಿತರು.

“ಮೂರು ಹುಡುಗ್ರಿಗೆ ಕನ್ನಡ” ಎಂದರು. “ನಾ ಬಂದು ಹೇಳಿಕೊಡಬಹುದೇನು?”

“ಅದನ್ನ ಆ ಹುಡುಗ್ರನ್ನ ಕೇಳಿ ಸರ್. ನನ್ನನ್ನಲ್ಲ.”

ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಶಾಲೆಯ ಗಂಟೆಗೆ ಇನ್ನೂ ಒಂದು ಗಂಟೆ ಇರುವಾಗ, ಶಿವಶಂಕರಪ್ಪನವರು ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಒಳಗೆ ಆ ಮೂವರು ನಿದ್ದೆಗಣ್ಣಿನಲ್ಲಿ ಕುಳಿತಿದ್ದರು.

“ಒಳಗ ಬರಲೇನ್ರಪ್ಪಾ?” ಎಂದು ಕೇಳಿದರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರೊಬ್ಬರು ಹಾಗೆ ಕೇಳುವುದುಂಟೆಂದು ಅವರಿಗೆ ತಿಳಿದಿರಲಿಲ್ಲ.