ಇಸ್ತ್ರಿಪೆಟ್ಟಿಗೆ ಫಳಫಳಿಸಿದಾಗ

ನಡುಬೀದಿಯಲ್ಲಿ, ಎಡಕ್ಕೂ ಬಲಕ್ಕೂ ಬೇಕಾದಷ್ಟು ಜಾಗವಿದ್ದರೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಒಂದು ಭುಜವನ್ನು ಮುಂದೆ ಮಾಡಿ, ಓರೆಯಾಗಿ ನಡೆದುಬರುವ ಹೆಂಗಸೊಬ್ಬರನ್ನು ಕಂಡರೆ, ಪಾಪ ಸೊಂಟನೋವಿರಬೇಕು ಎಂದು ಮರುಗಬೇಡಿ. ಅವರು ನಮ್ಮ ನಗರದ ಮ್ಯೂಸಿಯಮ್ಮಿನ ಬ್ರಷ್ಷಕ್ಕ. ಗಾಜಿನ ಕಪಾಟುಗಳ ಇಕ್ಕಟ್ಟಿನಲ್ಲಿ ಕೋಟಿನ ಅಂಚು ಸಹ ಯಾವುದಕ್ಕೂ ತಗುಲದಂತೆ ಆಯುಷ್ಯದ ಬಹುಭಾಗವನ್ನು ಕಳೆದವರಿಗೆ ಬಯಲೂ ಒಂದು ಇಕ್ಕಟ್ಟಾಗಿಯೇ ಉಳಿದುಬಿಟ್ಟಿದೆ.

ಹಳೆಯ ವಸ್ತುಗಳನ್ನು ಶುಚಿಗೊಳಿಸಿ ಕೆಡದಂತೆ ಕಾಯುವುದು ಅವರ ವೃತ್ತಿ. ಬೂದುಬಣ್ಣದ ಆ ಕೋಟಿನ ಜೇಬುಗಳಲ್ಲಿ ಹತ್ತಿ, ಮೆತ್ತನೆಯ ಬಟ್ಟೆ, ಬಗೆಬಗೆಯ ಕುಂಚಗಳು; ಎಲ್ಲಕ್ಕಿಂತ ಸಣ್ಣದೊಂದು ಸದಾ ತುರುಬಿನಲ್ಲಿ. ನಮ್ಮ ಮನೆಗೆ ಬಂದರೆ ಮಾತಿನ ಮಧ್ಯದಲ್ಲೇ ನನ್ನ ಕನ್ನಡಕವನ್ನು ಕಳಚಿ, ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿ, ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸುತ್ತಾರೆ. ಅವರ ಬಾಯಲ್ಲಿ ಹೆಚ್ಚಾಗಿ ಬರುವ ಮಾತು ‘ಹಗೂರ’. ಮದುವೆಯ ದಿನ ತಾನು ಹೆಂಡತಿಯ ಕೈ ಹಿಡಿದಾಗಲೂ ಪಕ್ಕದಿಂದ ‘ಹಗೂರ’ ಎಂದು ಕೇಳಿಸಿತೆಂದು ಅವರ ಅಳಿಯ ಇಂದಿಗೂ ನಗುತ್ತಾನೆ.

ಆ ಮ್ಯೂಸಿಯಮ್ಮಿಗೆ ಹೊಸ ನಿರ್ದೇಶಕಿ ಬಂದರು. ಬಿಸಿಲಿಗೆ ಬಳಲಿ ಒಳಗೆ ಬಂದವರನ್ನು ಬಿಟ್ಟರೆ ಕತ್ತಿ, ಗುರಾಣಿ, ನಾಣ್ಯಗಳನ್ನು ನೋಡುವವರು ಯಾರೂ ಇಲ್ಲದಿದ್ದುದನ್ನು ಕಂಡು, ಇನ್ನು ಮುಂದೆ ಊರಿನ ಒಂದೊಂದು ಬೀದಿಯವರೂ ತಮ್ಮ ಪ್ರದರ್ಶನವನ್ನು ತಾವೇ ಕಟ್ಟಲಿ ಎಂದರು. ಏನಿಡಬೇಕು, ಎಲ್ಲಿಡಬೇಕು, ಪಕ್ಕದ ಚೀಟಿಯಲ್ಲಿ ಏನು ಬರೆಯಬೇಕು ಎಂಬುದೆಲ್ಲ ಬೀದಿಯವರ ಇಷ್ಟ. ಕೊಟ್ಟ ವಸ್ತು ಕೊಟ್ಟ ಹಾಗೆಯೇ ಇರಬೇಕು. ಬ್ರಷ್ಷಕ್ಕ ಹೂಂಗುಟ್ಟಿದರು. ಬಾಯಿ ಒಪ್ಪಿತು, ಕೈ ಒಪ್ಪಬೇಕಲ್ಲ!

ಮೊದಲ ಸರದಿ ಇಸ್ತ್ರಿ ಅಂಗಡಿಗಳ ಬೀದಿಯದು. ಹೆಂಗಸರು ಬಟ್ಟೆ ಹೊರುವ ಬುಟ್ಟಿಗಳನ್ನು ತಂದರು; ಯಾರೋ ಸುಟ್ಟ ಕಲೆಯ ಹಲಗೆ ತಂದರು; ಇನ್ನಾರೋ ಮುಕ್ಕಾಲಿ. ಬೀದಿಗೆಲ್ಲ ಹಿರಿಯನಾದ ಅಜ್ಜ, ತನ್ನ ಅಪ್ಪನ ಕಾಲದ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಮಗುವಿನಂತೆ ಎದೆಗೊತ್ತಿಕೊಂಡು ತಂದು, ‘ಜೋಪಾನ ಕಣಮ್ಮ’ ಎಂದು ಬ್ರಷ್ಷಕ್ಕನ ಕೈಗಿತ್ತ. ಅದು ಮಸಿಯ ಮುದ್ದೆಯಾಗಿತ್ತು.

ಮೇಲಿನ ಧೂಳಷ್ಟೇ ತೆಗೆದರಾಯಿತೆಂದು ಅವರು ತುರುಬಿನ ಕುಂಚಕ್ಕೆ ಕೈ ಹಾಕಿದರು. ಕೆಲಸಕ್ಕೆ ಮುನ್ನ ಫೋಟೋ ತೆಗೆದಿಟ್ಟುಕೊಳ್ಳುವುದು ಆ ವೃತ್ತಿಯ ಮೊದಲ ಪಾಠ. ಆದರೆ ಇದು ಕೆಲಸವೇ ಅಲ್ಲ, ಬರೀ ಧೂಳು ತಾನೇ? ಧೂಳಿನಡಿ ಮಸಿ ಸಡಿಲವಾಗಿತ್ತು. ಮಸಿಯಡಿ ಹಿತ್ತಾಳೆಯ ಒಂದು ಚುಕ್ಕೆ ಇಣುಕಿತು. ಆ ಚುಕ್ಕೆಯನ್ನು ಕಂಡ ಮೇಲೆ ಅವರನ್ನು ತಡೆಯುವ ಶಕ್ತಿ ಯಾರಿಗಿತ್ತು? ಕತ್ತೆತ್ತಿ ನೋಡುವಷ್ಟರಲ್ಲಿ ಪೆಟ್ಟಿಗೆ ಮದುಮಗಳಂತೆ ಮಿನುಗುತ್ತಿತ್ತು. ಅವರಿಗೆ ಖುಷಿಯೋ ಖುಷಿ.

ಪ್ರದರ್ಶನದ ಹಿಂದಿನ ದಿನ ಬೀದಿಯವರೆಲ್ಲ ಒಮ್ಮೆ ನೋಡಿಹೋಗಲು ಬಂದರು. ಫಲಕ ತೂಗುಹಾಕಲು ನೆರವಾಗುತ್ತ ನಾನೂ ಅಲ್ಲಿದ್ದೆ. ಅಜ್ಜ ಗಾಜಿನ ಮುಂದೆ ನಿಂತ, ಬಗ್ಗಿದ, ಮತ್ತೆ ನೆಟ್ಟಗಾದ.

‘ಇದು ನಮ್ದಲ್ಲ.’

ಬ್ರಷ್ಷಕ್ಕ ಓಡಿಬಂದರು. ‘ನಿಮ್ದೇ ಅಜ್ಜಾ. ನಾನೇ ಉಜ್ಜಿದೆ. ತಪ್ಪಾಯ್ತು.’

‘ಸುಳ್ಳು ಯಾಕಮ್ಮ ಹೇಳ್ತೀಯ? ಅಪ್ಪನ ಪೆಟ್ಟಿಗೆ ನನಗೆ ಗೊತ್ತಿಲ್ವಾ? ಯಾರೋ ಅಂಗಡಿಯಿಂದ ತಂದಿಟ್ಟಿದ್ದಾರೆ.’

ಸಿಟ್ಟಾಗಿದ್ದರೆ ಸಹಿಸಬಹುದಿತ್ತು, ಅಜ್ಜನ ದನಿಯಲ್ಲಿದ್ದುದು ಕಳೆದುಕೊಂಡವನ ಅಳಲು. ಹಿಂದೆ ನಿಂತ ಹೆಂಗಸರು ಮುಖಮುಖ ನೋಡಿಕೊಂಡರು. ಒಬ್ಬಾಕೆ ತನ್ನ ಬುಟ್ಟಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಅದನ್ನು ಕಂಡು ಇನ್ನೊಬ್ಬಾಕೆಯೂ. ಇಂದು ಈ ಬೀದಿ ಬಾಗಿಲು ದಾಟಿ ಹೊರಟುಹೋದರೆ ನಾಳೆ ಯಾವ ಬೀದಿಯೂ ಒಳಗೆ ಕಾಲಿಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬ್ರಷ್ಷಕ್ಕನಿಗೆ ಮಾತ್ರ ಆ ಹೊತ್ತು ಮ್ಯೂಸಿಯಮ್ಮು ಕಾಣಿಸಲಿಲ್ಲ. ಅಪ್ಪನ ಗುರುತಾಗಿ ಉಳಿದಿದ್ದ ಒಂದೇ ಒಂದು ವಸ್ತುವನ್ನು ಮಗನಿಂದ ತನ್ನ ಕೈಯಾರೆ ಕಿತ್ತುಕೊಂಡೆನಲ್ಲ ಎಂಬುದಷ್ಟೇ ಅವರನ್ನು ಕೊರೆಯುತ್ತಿತ್ತು. ತೋರಿಸಲು ಹಳೆಯ ಫೋಟೋ ಇಲ್ಲ. ಆಣೆ ಹಾಕಿದರೂ ನಂಬುವವರಿಲ್ಲ.

ಆಮೇಲೆ ಅವರು ಮಾಡಿದ್ದನ್ನು ಅವರ ಸಹೋದ್ಯೋಗಿಗಳು ಈಗಲೂ ನಂಬುವುದಿಲ್ಲ. ಗಾಜಿನ ಬಾಗಿಲು ತೆರೆದು, ಪೆಟ್ಟಿಗೆಯನ್ನು ಹೊರತೆಗೆದು, ಮೇಜಿನ ಹಾಸಿನ ಮೇಲಿಟ್ಟು, ಜೀವಮಾನದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದರು: ‘ಮುಟ್ಟಿ ಅಜ್ಜಾ. ಕೈಗೆ ತಗೊಂಡು ನೋಡಿ.’

ಅಜ್ಜ ಒಲ್ಲದ ಮನಸ್ಸಿನಿಂದಲೇ ಹಿಡಿಯನ್ನು ಹಿಡಿದ. ಸುಕ್ಕಾಗಿದ್ದ ಹಾಸಿನ ಮೇಲೆ, ಕೈಗೆ ಬಂದದ್ದನ್ನು ಸುಮ್ಮನೆ ಹಿಡಿದಿರಲಾರದ ಅಭ್ಯಾಸದಿಂದ, ಒಂದು ಸಲ ಆ ತುದಿಗೆ ತಳ್ಳಿದ. ಅರ್ಧ ದಾರಿಯಲ್ಲಿ ಪೆಟ್ಟಿಗೆ ಎಡಕ್ಕೆ ಎಳೆಯಿತು. ಎಳೆದದ್ದೇ ತಡ, ಮುದುಕನ ಮಣಿಕಟ್ಟು ತಾನಾಗಿಯೇ ತಿರುಗಿ ಅದನ್ನು ದಾರಿಗೆ ತಂದಿತು. ಅವನು ನಿಂತುಬಿಟ್ಟ. ಮತ್ತೊಮ್ಮೆ ತಳ್ಳಿದ. ಮತ್ತೆ ಎಡಕ್ಕೆ, ಮತ್ತೆ ಮಣಿಕಟ್ಟು.

‘ಅಪ್ಪ ಎಡಚ ಕಣಮ್ಮ,’ ಎಂದ, ಯಾರನ್ನೂ ನೋಡದೆ. ‘ಅವನ ಕೈಗೆ ಇದರ ತಳ ಒಂದೇ ಕಡೆ ಸವೆದುಹೋಯ್ತು. ಬಲಗೈಲಿ ಇದನ್ನು ನೆಟ್ಟಗೆ ಓಡಿಸೋದು ಕಲಿಯೋವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.’ ಆಮೇಲೆ ತಲೆಯೆತ್ತಿ ನಕ್ಕ. ‘ಇದರ ಹಟ ನೀನು ಉಜ್ಜಿದರೂ ಹೋಗಿಲ್ಲ ನೋಡು! ನಮ್ದೇ, ನಮ್ದೇ.’

‘ನಾನು ಬಂದಾಗಿಂದ ಉಜ್ಜು ಉಜ್ಜು ಅಂತ ಬಡ್ಕೊಂಡೆ, ಈ ಮನುಷ್ಯ ಕೇಳಿದ್ರೆ ತಾನೇ?’ ಎಂದಳು ಅಜ್ಜನ ಹೆಂಡತಿ, ಬುಟ್ಟಿಯನ್ನು ಸ್ವಸ್ಥಾನಕ್ಕೆ ಮರಳಿಸುತ್ತ. ಹೆಂಗಸರೆಲ್ಲ ಗೊಳ್ಳೆಂದರು. ಬ್ರಷ್ಷಕ್ಕನಿಗೆ ಹೋದ ಜೀವ ಬಂದಂತಾಗಿ, ಉಸ್ಸಪ್ಪಾ ಎಂದು ಹಿಂದೆ ಸಿಕ್ಕ ಮುಕ್ಕಾಲಿಯ ಮೇಲೆ ಕುಸಿದು ಕೂತರು. ಅದೂ ಪ್ರದರ್ಶನದ ವಸ್ತುವೇ ಎಂದು ನಾನು ಹೇಳಲು ಹೋಗಲಿಲ್ಲ. ಅದರ ಒಡತಿ ಅವರ ಬೆನ್ನು ಸವರುತ್ತಿದ್ದಳು.

ಪ್ರದರ್ಶನ ನಡೆದಷ್ಟು ದಿನವೂ ಆ ಪೆಟ್ಟಿಗೆ ಗಾಜಿನ ಹೊರಗೇ ಇತ್ತು. ಪಕ್ಕದ ಚೀಟಿಯಲ್ಲಿ ಅಜ್ಜ ಬರೆಸಿದ್ದು ಇಷ್ಟೇ: ಇದನ್ನು ನೆಟ್ಟಗೆ ಓಡಿಸಿ ನೋಡೋಣ. ಮಕ್ಕಳು ಮುದುಕರೆನ್ನದೆ ಎಲ್ಲರೂ ಓಡಿಸಿ ಸೋತರು. ಆ ಬೀದಿಯವರು ತೆರವು ಮಾಡುವ ಮೊದಲೇ ಗಡಿಯಾರ ರಿಪೇರಿಯವರ ಬೀದಿ ತನ್ನ ಸರದಿ ಕೇಳಿತು.

ಪರರ ವಸ್ತುಗಳನ್ನು ಕಾಯುವ ಇಂಥವರ ಜಾತಿಯೇ ಬೇರೆ. ವಸ್ತು ಇದ್ದಲ್ಲೇ ಇದ್ದರೆ ಅವರ ನೆನಪೂ ಯಾರಿಗೂ ಬಾರದು. ಕಾಣೆಯಾದ ದಿನವಷ್ಟೇ ಅವರ ಹೆಸರು ಹಿಡಿದು ಕೂಗುತ್ತಾರೆ. ಕಳ್ಳರಿಂದ, ಗೆದ್ದಲಿನಿಂದ, ತೇವದಿಂದ ಕಾಪಾಡಲು ಅವರಿಗೆ ಬರುತ್ತದೆ. ತಮ್ಮದೇ ಅಕ್ಕರೆಯಿಂದ ಕಾಪಾಡುವುದು ಹೇಗೆಂದು ಯಾರೂ ಕಲಿಸಿರುವುದಿಲ್ಲ. ಆ ಅಕ್ಕರೆ ಒಮ್ಮೊಮ್ಮೆ ಎಲ್ಲೆ ಮೀರುತ್ತದೆ. ಹಾಗೆ ಮೀರಿದ ದಿನವೂ ಒಡೆಯನ ಕೈ ತನ್ನ ವಸ್ತುವನ್ನು ಗುರುತಿಸಿದರೆ ಸಾಕು, ಅವರು ನೆಮ್ಮದಿಯಿಂದ ನಿದ್ರಿಸುತ್ತಾರೆ.