ಜಾನಕಿಯವರ ಬೇಸ್‌ಮೆಂಟಿನಲ್ಲಿ ಇಟಲಿಯ ಲೇಸ್

ಪ್ರೇಮಾವತಿ ಲೇಸ್ ಹೆಣೆಯಲು ಕಲಿತದ್ದು ಮೊಣಕಾಲು ನೋವಿನಿಂದಾಗಿ. ಅಮೆರಿಕದ ಸ್ಟರ್ಲಿಂಗ್‌ನ ಲ್ಯಾಬ್ ಕೆಲಸದಿಂದ ನಿವೃತ್ತರಾದ ಮೇಲೆ ದಿನವೂ ವಾಕಿಂಗ್ ಹೋಗಬೇಕೆಂದಿದ್ದ ಅವರನ್ನು ಡಾಕ್ಟರು ಕುರ್ಚಿಯಲ್ಲಿ ಕೂರಿಸಿಬಿಟ್ಟರು. ಕೂತಲ್ಲೇ ಕಲಿಯುವಂಥದ್ದು ಏನಿದೆಯೆಂದು ರೆಸ್ಟನ್ನಿನ ಕಮ್ಯುನಿಟಿ ಸೆಂಟರಿನಲ್ಲಿ ವಿಚಾರಿಸಿದಾಗ ಸಿಕ್ಕಿದ್ದು ಚೆಸ್ ಮತ್ತು ಬಾಬಿನ್ ಲೇಸ್. ಚೆಸ್ಸನ್ನು ಗಂಡ ಮೋನಪ್ಪನವರಿಗೆ ಬಿಟ್ಟುಕೊಟ್ಟು ಅವರು ಲೇಸ್ ಕ್ಲಾಸಿಗೆ ಸೇರಿದರು.

ಕಲಿಸುತ್ತಿದ್ದವರು ಲೊರೆಟಾ ಎಂಬ ನಿವೃತ್ತ ಶಾಲಾ ಟೀಚರು. ಗಟ್ಟಿಯಾದ ದಿಂಬಿನ ಮೇಲೆ ಚುಕ್ಕಿ ಹಾಕಿದ ಮಾದರಿ ಹಾಳೆ. ಮರದ ಪುಟ್ಟ ಬಾಬಿನ್ನುಗಳಿಗೆ ಸುತ್ತಿದ ದಾರಗಳನ್ನು ಜಡೆ ಹೆಣೆದಂತೆ ಒಂದರ ಮೇಲೊಂದು ದಾಟಿಸುತ್ತ, ಚುಕ್ಕಿ ಬಂದಲ್ಲಿ ಗುಂಡುಸೂಜಿ ಚುಚ್ಚುತ್ತ ಹೋಗಬೇಕು. ಚಳಿಗಾಲ ಮುಗಿಯುವಷ್ಟರಲ್ಲಿ ಪ್ರೇಮಾವತಿ ಕರವಸ್ತ್ರದ ನೇರ ಅಂಚನ್ನು ತಪ್ಪಿಲ್ಲದೆ ಹೆಣೆಯುತ್ತಿದ್ದರು.

೨೦೦೩ರ ಬೇಸಿಗೆಯ ಹೊತ್ತಿಗೆ ಲೊರೆಟಾ ಕ್ಲಾಸಿನವರನ್ನೆಲ್ಲ ಡಿ.ಸಿ.ಯ ಒಂದು ಪ್ರದರ್ಶನಕ್ಕೆ ಕರೆದೊಯ್ದರು. ಅಲ್ಲಿ ಗಾಜಿನ ಹಿಂದೆ ಇಟಲಿಯ ಕಾಂತು ಊರಿನ ಲೇಸ್ ಇತ್ತು. ಬಿಳಿ ಪಟ್ಟಿಯೊಂದು ಮಲ್ಲಿಗೆ ಬಳ್ಳಿಯ ಹಾಗೆ ಬಳುಕಿ, ಸುರುಳಿ ಸುತ್ತಿ, ತನ್ನನ್ನೇ ತಾನು ಮುಟ್ಟಿ ಮತ್ತೆ ಮುಂದೆ ಹೋಗಿತ್ತು. ಉಳಿದವರು ಊಟಕ್ಕೆ ಹೊರಟರೂ ಪ್ರೇಮಾವತಿ ಅಲ್ಲಿಂದ ಕದಲಲಿಲ್ಲ.

"ಇದನ್ನು ನನಗೆ ಕಲಿಸಿ" ಎಂದರು ಲೊರೆಟಾಗೆ.

"ನನಗೇ ಬರುವುದಿಲ್ಲ, ಪ್ರೇಮಾ" ಎಂದು ಲೊರೆಟಾ ಒಪ್ಪಿಕೊಂಡರು. "ಬರುವವರು ಯಾರೂ ನನಗೆ ಗೊತ್ತಿಲ್ಲ."

ಅಲ್ಲಿಂದ ಹುಡುಕಾಟ ಶುರುವಾಯಿತು. ಲೈಬ್ರರಿಯವರು ಬೇರೆ ರಾಜ್ಯದಿಂದ ತರಿಸಿಕೊಟ್ಟ ದಪ್ಪ ಪುಸ್ತಕದಲ್ಲಿ ರಾಣಿಯರ ಕೊರಳಪಟ್ಟಿಗಳ ಚಿತ್ರಗಳಿದ್ದವೇ ಹೊರತು ಹೆಣೆಯುವ ಕ್ರಮ ಇರಲಿಲ್ಲ. ಇನ್ನೊಂದರಲ್ಲಿ ಕ್ರಮವಿತ್ತು, ಪೂರಾ ಇಟಾಲಿಯನ್ ಭಾಷೆಯಲ್ಲಿ. ಅದರ ಚಿತ್ರಗಳನ್ನೇ ನಂಬಿಕೊಂಡು ಪ್ರೇಮಾವತಿ ಪಟ್ಟಿ ಹೆಣೆದರು. ನೇರ ಇರುವಷ್ಟು ಹೊತ್ತು ಚೆನ್ನಾಗಿಯೇ ಬಂತು. ತಿರುವು ಬಂದ ಕೂಡಲೇ ಒಳಗಿನ ಅಂಚು ಎಣ್ಣೆಗೆ ಬಿದ್ದ ಹಪ್ಪಳದಂತೆ ಮುದುಡಿಕೊಂಡಿತು. ಬಿಚ್ಚಿ ಹೆಣೆದರು, ಮತ್ತೆ ಮುದುಡಿತು.

"ಎಂತ ಮಾರಾಯ್ತಿ, ನೇರದ್ದೇ ಮಾಡಿದರೆ ಆಗುದಿಲ್ವಾ?" ಎಂದು ಮೋನಪ್ಪ ಕೇಳಿದರು.

"ನೇರದ್ದು ನನಗೆ ಬರ್ತದಲ್ಲ. ಬರುದನ್ನೇ ಎಷ್ಟು ಮಾಡುದು?"

ಕಡೆಗೆ ಇಂಟರ್ನೆಟ್ಟಿನಲ್ಲಿ ಲೇಸ್ ಹೆಣೆಯುವವರ ಗುಂಪೊಂದಕ್ಕೆ ಬರೆದರು. ಕಾಂತು ಊರಿನ ಹತ್ತಿರದಿಂದ ಫ್ರಾಂಕಾ ಎಂಬಾಕೆ ಮುರುಕು ಇಂಗ್ಲಿಷಿನಲ್ಲಿ ಉತ್ತರಿಸಿದಳು. ತಾನು ಮಕ್ಕಳಿಗೆ ಕಲಿಸುವಾಗ ತೆಗೆದ ವಿಡಿಯೋ ಕ್ಯಾಸೆಟ್ ಒಂದಿದೆ, ನೋಡಿ ವಾಪಸು ಕಳಿಸಿದರೆ ಸಾಕು ಎಂದಳು. ಮುಖ ಕಾಣದವರಿಗೆ ಇದ್ದೊಂದು ಕ್ಯಾಸೆಟ್ ಕೊಡುವವರೂ ಇದ್ದಾರಲ್ಲ ಎಂದು ಪ್ರೇಮಾವತಿಗೆ ಆಶ್ಚರ್ಯ. ಪೊಟ್ಟಣ ಬಂದ ದಿನ ಕೋಟು ಕಳಚದೆಯೇ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಿದರು. ಪರದೆಯ ಮೇಲೆ ಬೂದು ಗೆರೆಗಳು ಉರುಳಿದವು, ಅಷ್ಟೆ.

ಟೆಲಿಫೋನ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಮೋನಪ್ಪ ಕ್ಯಾಸೆಟ್ಟಿನ ಬೆನ್ನು ನೋಡಿ ನಕ್ಕರು. "ಇದು ಪಾಲ್ ಸಿಸ್ಟಮ್. ನಮ್ಮ ಊರಿದ್ದೂ ಇದೇ. ಅಮೆರಿಕದ ವಿಸಿಆರ್‌ಗೆ ಇದು ಓದ್ಲಿಕ್ಕೆ ಬರುದಿಲ್ಲ."

ಅಂಗಡಿಗೆ ಕೊಟ್ಟು ಇಲ್ಲಿನ ಸಿಸ್ಟಮ್‌ಗೆ ಪ್ರತಿ ಮಾಡಿಸಬಹುದಿತ್ತು. ಆದರೆ ಇರುವುದೊಂದೇ ಪ್ರತಿಯನ್ನು ಗುರುತಿಲ್ಲದವರ ಕೈಗೊಪ್ಪಿಸಲು ಪ್ರೇಮಾವತಿಗೆ ಮನಸ್ಸು ಬರಲಿಲ್ಲ.

ಆ ವಾರದ ಕನ್ನಡ ಸಂಘದ ದೀಪಾವಳಿ ಊಟದಲ್ಲಿ ಅವರ ಪಕ್ಕ ಕೂತವರು ಡಾಕ್ಟರ್ ಜಾನಕಿ. ಮೈಸೂರಿನವರು, ಎಪ್ಪತ್ತರ ದಶಕದಲ್ಲೇ ಬಂದು ರೆಸ್ಟನ್ನಿನಲ್ಲಿ ನೆಲೆಸಿ, ಸಾವಿರಾರು ಹೆರಿಗೆ ಮಾಡಿಸಿ, ಈಗ ನಿವೃತ್ತರು. ಇಬ್ಬರಿಗೂ ನಮಸ್ಕಾರದಷ್ಟು ಪರಿಚಯ. ಏಕೆ ಸಪ್ಪಗಿದ್ದೀರಿ ಎಂದು ಅವರು ಕೇಳಿದಾಗ ಪ್ರೇಮಾವತಿ ಕ್ಯಾಸೆಟ್ಟಿನ ಕಥೆಯನ್ನೆಲ್ಲ ಹೇಳಿದರು.

"ಅಯ್ಯೋ, ಇದಕ್ಯಾಕ್ರೀ ಇಷ್ಟು ವರಿ ಮಾಡ್ಕೊಂಡಿದ್ದೀರ?" ಎಂದರು ಜಾನಕಿ. "ನಮ್ಮ ಬೇಸ್‌ಮೆಂಟಲ್ಲಿ ಮಲ್ಟಿ ಸಿಸ್ಟಮ್ ವಿಸಿಆರ್ ಇದೆ. ಮಗ ಸಿದ್ಧಾರ್ಥನ ಮದುವೆ ಮೈಸೂರಲ್ಲಿ ಆಯ್ತಲ್ಲ, ಆ ಕ್ಯಾಸೆಟ್ ನೋಡೋಕೇಂತ್ಲೇ ತಗೊಂಡಿದ್ದು. ಅವನು ಅಟ್ಲಾಂಟಾಗೆ ಮೂವ್ ಆದ್ಮೇಲೆ ಯಾರೂ ಮುಟ್ಟಿಲ್ಲ. ಶನಿವಾರ ಬನ್ನಿ. ಆ ನಿಮ್ಮ ಟೀಚರನ್ನೂ ಕರ್ಕೊಂಡ್ಬನ್ನಿ."

ಶನಿವಾರ ಬೆಳಿಗ್ಗೆ ಪ್ರೇಮಾವತಿ, ಮೋನಪ್ಪ, ಲೊರೆಟಾ ಮತ್ತು ಕ್ಲಾಸಿನ ನಾಲ್ಕೈದು ಹೆಂಗಸರು ದಿಂಬು, ಬಾಬಿನ್ನುಗಳ ಸಮೇತ ಜಾನಕಿಯವರ ಬೇಸ್‌ಮೆಂಟಿಗಿಳಿದರು. ಮೋನಪ್ಪ ಧೂಳು ಒರೆಸಿ ತಂತಿ ಜೋಡಿಸಿದರು. ಆಮೇಲೆ ಯೋಚನೆಗೆ ಬಿದ್ದರು.

"ಇಷ್ಟು ವರ್ಷ ಸುಮ್ಮನೆ ಕೂತ ಮೆಶೀನು. ಆ ಹೆಂಗಸಿನ ಕ್ಯಾಸೆಟ್ ಇದರೊಳಗೆ ಸಿಕ್ಕಿಬಿದ್ದು ಹರಿದರೆ ಎಂತ ಮಾಡುದು? ಮೊದಲು ಬೇರೆ ಏನಾದ್ರೂ ಹಾಕಿ ನೋಡುವ."

"ಸಿದ್ಧಾರ್ಥನ ಮದುವೆ ಹಾಕಿ" ಎಂದರು ಜಾನಕಿ.

"ಛೇ, ಅದು ಹಾಳಾದರೆ?"

"ಹಾಳಾದ್ರೆ ಆಗ್ಲಿ ಬಿಡಿ. ಮದುವೆ ಅಂತೂ ಆಗೋಯ್ತಲ್ಲ!"

ಜಾನಕಿ ನಗುತ್ತ ತಾವೇ ಕ್ಯಾಸೆಟ್ ತಂದು ಒಳಗೆ ತಳ್ಳಿದರು. ಮೆಶೀನು ಗೊರಗೊರ ಎಂದಿತು. ಓಲಗ ಮೊಳಗಿ, ಪೇಟ ತೊಟ್ಟ ಸಿದ್ಧಾರ್ಥ ಬೆವರು ಒರೆಸಿಕೊಳ್ಳುತ್ತ ಮೂಡಿಬಂದ. ಕ್ಯಾಸೆಟ್ಟಿಗೆ ಏನೂ ಆಗಲಿಲ್ಲ. ಆದರೆ ಲೊರೆಟಾ ಮತ್ತು ಗೆಳತಿಯರು ಅದನ್ನು ನಿಲ್ಲಿಸಲು ಬಿಡಲಿಲ್ಲ. ಅಂತರಪಟ ಸರಿದು ಜೀರಿಗೆ ಬೆಲ್ಲ ಬಿದ್ದ ಮೇಲೆಯೇ ಫ್ರಾಂಕಾಳ ಸರದಿ ಬಂತು.

ಕೊಳವೆಯಾಕಾರದ ಉದ್ದ ದಿಂಬಿನ ಮುಂದೆ ಕೂತ ದಪ್ಪನೆಯ ಹೆಂಗಸು. ಅವಳ ಮಾತು ಒಬ್ಬರಿಗೂ ಅರ್ಥವಾಗಲಿಲ್ಲ. "ಪಿಯಾನೋ, ಪಿಯಾನೋ" ಎಂದು ಅವಳು ಮತ್ತೆ ಮತ್ತೆ ಅನ್ನುತ್ತಿದ್ದುದನ್ನು ಕೇಳಿ, ಇಲ್ಲಿ ಪಿಯಾನೋ ಏಕೆ ಬಂತೆಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಹಾಗೆಂದಾಗಲೆಲ್ಲ ಆಕೆಯ ಕೈ ನಿಧಾನವಾಗುವುದನ್ನು ಪ್ರೇಮಾವತಿ ಗಮನಿಸಿದರು.

"ನಿಧಾನ ಅಂತಿರಬೇಕು" ಎಂದರು. "ತಿರುವು ಬಂತು ನೋಡಿ."

ಪಟ್ಟಿ ಬಾಗುವಲ್ಲಿ ಹೊರಗಿನ ಅಂಚಿಗೆ ಗುಂಡುಸೂಜಿಗಳು ಒತ್ತೊತ್ತಾಗಿ ಬಿದ್ದವು. ಒಳಗಿನ ಅಂಚಿಗೆ ಬಂದ ದಾರವನ್ನು ಫ್ರಾಂಕಾ ಹೊಸ ಸೂಜಿಗೆ ಹಾಕದೆ, ಆಗಲೇ ಚುಚ್ಚಿದ್ದ ಸೂಜಿಗೇ ಇನ್ನೊಮ್ಮೆ ಸುತ್ತಿ ಹಿಂದಕ್ಕೆ ಕಳಿಸಿದಳು.

"ನಿಲ್ಲಿಸಿ! ಹಿಂದೆ ತನ್ನಿ!" ಎಂದು ಪ್ರೇಮಾವತಿ ಕೂಗಿದರು. ಮತ್ತೆ ನೋಡಿದರು. ಇಷ್ಟು ದಿನ ತಾವು ಒಳಗೂ ಹೊರಗೂ ಸಮಸಮ ಸೂಜಿ ಚುಚ್ಚುತ್ತಿದ್ದರು. ಒಳಗಡೆ ಜಾಗ ಸಾಲದೆ ಪಟ್ಟಿ ಮುದುಡುತ್ತಿತ್ತು. ಕೂಡಲೇ ದಿಂಬನ್ನು ಮಡಿಲಿಗೆಳೆದುಕೊಂಡು ತಿರುವನ್ನು ಬಿಚ್ಚಿ ಹೆಣೆಯತೊಡಗಿದರು. ಲೊರೆಟಾ ಕನ್ನಡಕ ಏರಿಸಿ ಹತ್ತಿರ ಬಂದರು. ಮೋನಪ್ಪ ರಿಮೋಟ್ ಹಿಡಿದು, ಹೇಳಿದಾಗಲೆಲ್ಲ ಹಿಂದೆ ಮುಂದೆ ಓಡಿಸಿದರು. ಜಾನಕಿ ತಂದಿಟ್ಟ ಉಪ್ಪಿಟ್ಟು ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳಿನಷ್ಟಗಲದ ಪಟ್ಟಿ ಒಂದು ಸುಕ್ಕೂ ಇಲ್ಲದೆ ಬಾಗಿ ನಿಂತಿತ್ತು. ಲೊರೆಟಾ ಅದನ್ನು ಬೆರಳಿನಿಂದ ಸವರಿ, "ಈಗ ನೀನು ನನಗೆ ಕಲಿಸು" ಎಂದರು.

ಚಳಿಗಾಲವಿಡೀ ಶನಿವಾರಗಳು ಆ ಬೇಸ್‌ಮೆಂಟಿನಲ್ಲೇ ಕಳೆದವು. ಪ್ರೇಮಾವತಿ ತಾವು ಹೆಣೆದ ಮೊದಲ ಲೇಸ್ ಬಳ್ಳಿಯ ಫೋಟೋವನ್ನು ಕ್ಯಾಸೆಟ್ಟಿನ ಜೊತೆಗಿಟ್ಟು ಫ್ರಾಂಕಾಗೆ ಕಳಿಸಿದರು. ತಿರುವು ಚೆನ್ನಾಗಿದೆ, ದಾರ ಇನ್ನೂ ಸ್ವಲ್ಪ ಬಿಗಿಯಾಗಿರಲಿ, ಎಂದು ಆಕೆ ಬರೆದಳು. ಜೊತೆಗೆ, ಆ ಫೋಟೋ ಈಗ ತನ್ನ ಕ್ಲಾಸಿನ ಗೋಡೆಯ ಮೇಲಿದೆ ಎಂದಳು. ಪ್ರೇಮಾವತಿ ಆ ಇಮೇಲನ್ನು ಮೋನಪ್ಪನವರಿಗೆ ಎರಡೆರಡು ಸಲ ಓದಿ ಹೇಳಿದರು.

ಒಂದು ಶನಿವಾರ ಎಲ್ಲರೂ ಹೊರಟ ಮೇಲೆ ಜಾನಕಿ, "ಪ್ರೇಮಾ, ನಂಗೂ ಹೇಳ್ಕೊಡ್ತೀರಾ? ರಿಟೈರ್ ಆದಾಗಿಂದ ಈ ಕೈಗೆ ಕೆಲ್ಸಾನೇ ಇಲ್ಲ" ಎಂದರು.

"ಅದಕ್ಕೆಂತ ಜಾನಕಿಯಕ್ಕ, ಕೂತ್ಕೊಳ್ಳಿ."

ಅಕ್ಕ ಎಂದು ಕರೆದದ್ದು ಅದೇ ಮೊದಲು. ಜಾನಕಿ ಅದನ್ನು ಕೇಳಿಸಿಕೊಂಡು ನಕ್ಕು, ಕುರ್ಚಿ ಹತ್ತಿರಕ್ಕೆಳೆದುಕೊಂಡರು. ಬಾಬಿನ್ನಿಗೆ ದಾರ ಸುತ್ತುವುದರಲ್ಲೇ ತಪ್ಪಿದರು. ಬಿಚ್ಚಿ, ಇನ್ನೊಮ್ಮೆ ಸುತ್ತಿ, ಈಗ ಸರಿಯಾಯಿತೇ ಎಂದು ತೋರಿಸಿದರು. ಸರಿಯಾಗಿರಲಿಲ್ಲ. ಇಬ್ಬರೂ ಸೇರಿ ಮತ್ತೆ ಬಿಚ್ಚತೊಡಗಿದರು.